ಕೆಂಪು ಚುಕ್ಕೆಯ ಏಡಿಗಳು

ಡಾಕ್ಟರಮ್ಮ ಏಡಿಗಳಿಗೆ ಉಗುರುಬಣ್ಣ ಹಚ್ಚುತ್ತಿದ್ದಳು. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು, ಬೆನ್ನ ಮೇಲೆ ಕೆಂಪು ಚುಕ್ಕೆಯಿಟ್ಟು, ಊದಿ ಆರಿಸಿ, ತೂಗಿ, ಬಕೆಟ್ಟಿಗೆ ಬಿಡುತ್ತಿದ್ದಳು. ಅವಳ ಉಗುರುಗಳು ಮಾತ್ರ ಎಂದೂ ಬಣ್ಣ ಕಂಡಿರಲಿಲ್ಲ. ಬಕೆಟ್ಟಿನೊಳಗೆ ಪುಟ್ಟ ಕಾಲುಗಳು ಕೆರೆಯುವ ಸದ್ದೊಂದೇ.

ಕೆಂಪು ಎಂದರೆ ಒಂಬತ್ತನೇ ಚೌಕದವು. ಉಪ್ಪುನೀರಿನ ಜೌಗಿನಲ್ಲಿ ಹಗ್ಗ ಕಟ್ಟಿ ಒಂಬತ್ತು ಚೌಕ ಮಾಡಿದ್ದರು. ಮೊದಲನೆಯದು ಪ್ರಯೋಗಾಲಯದ ಮೆಟ್ಟಿಲ ಬುಡದಲ್ಲೇ. ಒಂಬತ್ತನೆಯದು ಅರ್ಧ ಮೈಲಿ ಆಚೆ, ಉಪ್ಪಿನ ಗದ್ದೆಗಳ ಪಕ್ಕ. ಬೆಳಿಗ್ಗೆ ನೀರು ಏರಿದಾಗ ದೋಣಿಯಲ್ಲಿ ಹೋಗಿ ಬೋನುಗಳನ್ನು ತರಬೇಕು. ಏಡಿಗಳನ್ನು ಎಣಿಸಿ, ತೂಗಿ, ಸಿಕ್ಕಿದ ಜಾಗಕ್ಕೇ ಮರಳಿಸಬೇಕು. ತೂಗಿ ಮುಗಿಸುವಷ್ಟರಲ್ಲಿ ನೀರು ಇಳಿದಿರುತ್ತಿತ್ತು. ಆಮೇಲೆ ಹೊರಗೆ ಮೊಣಕಾಲುದ್ದ ಕೆಸರು.

"ಆಯ್ತು ಅಣ್ಣಾ," ಎಂದಳು.

ದೋಣಿಯಣ್ಣ ಗೋಡೆ ಹಿಡಿದು ಎದ್ದ. ಅರವತ್ತರ ಹತ್ತಿರದ ಮನುಷ್ಯ. ಒಮ್ಮೆ ಕೆಸರಲ್ಲಿ ಜಾರಿ ಬಿದ್ದ ಮೇಲೆ, ಅವನಿಗಿಂತ ಮೊದಲು ಅವನ ನೋವಿನೆಣ್ಣೆಯ ವಾಸನೆ ಒಳಗೆ ಬರುತ್ತಿತ್ತು. ಬಕೆಟ್ಟಿನೊಳಗೆ ಇಣುಕಿ, "ಬನ್ನಿ ಮಕ್ಕಳಾ, ಹೋಗೋಣ," ಎಂದು ಹೊರಟ.

ಡಾಕ್ಟರಮ್ಮ ಲೋಟಕ್ಕೆ ಚಹಾ ಬಗ್ಗಿಸಿಕೊಂಡು ಗೋಡೆಯ ಫೋಟೋಗಳ ಮುಂದೆ ನಿಂತಳು. ನೋಡಿ ನೋಡಿ ಕಣ್ಣು ಸವೆದಿದ್ದವು. ಎರಡು ವರ್ಷದ ಹಿಂದೆ ಮೊದಲನೇ ಚೌಕದಲ್ಲಿ ಸೊಂಟದೆತ್ತರ ಹುಲ್ಲು. ಈಗ ಬೋಳು, ಕಪ್ಪು ಕೆಸರು. ಆಮೇಲೆ ಎರಡನೆಯದು ಸತ್ತಿತು, ಮೂರನೆಯದು ಸತ್ತಿತು. ನಾಲ್ಕನೆಯದು ಹಳದಿಯಾಗುತ್ತಿದೆ.

ಬೇರಿನಲ್ಲಿ ರೋಗವಿಲ್ಲ. ಮಳೆಗೆ ಕೊರತೆಯಿಲ್ಲ. ಮಣ್ಣಿನಲ್ಲಿ ವಿಷವಿಲ್ಲ. ಹುಲ್ಲನ್ನು ಏಡಿಗಳೇ ಕತ್ತರಿಸಿ ತಿನ್ನುತ್ತಿವೆ ಎಂಬುದೇನೋ ಖಚಿತ. ಬಲೆ ಹಾಕಿ ಏಡಿ ತಡೆದ ಒಂದು ಮೂಲೆಯಲ್ಲಿ ಹುಲ್ಲು ಮತ್ತೆ ಗೇಣುದ್ದ ಎದ್ದಿತ್ತು. ಆದರೆ ಅವು ಇಲ್ಲಿಗೇ ಬರುವುದು ಯಾಕೆ? ಒಂಬತ್ತರಲ್ಲಿ ವಾರ ವಾರಕ್ಕೆ ಏಡಿ ಕಡಿಮೆ, ಒಂದರಲ್ಲಿ ವಾರ ವಾರಕ್ಕೆ ಹೆಚ್ಚು. ಕಳೆದ ತಿಂಗಳು ಒಂಬತ್ತರವಕ್ಕೆ ಕೆಂಪು ಚುಕ್ಕೆ ಇಟ್ಟಳು. ಮೂರನೇ ದಿನ ಕೆಂಪು ಚುಕ್ಕೆಗಳೆಲ್ಲ ಮೆಟ್ಟಿಲ ಬುಡದ ಬೋನಿನಲ್ಲಿದ್ದವು.

"ಹೆಬ್ಬೆರಳಷ್ಟು ಪ್ರಾಣಿ," ಎಂದಳು. "ಅರ್ಧ ಮೈಲಿ. ಎರಡು ದಿನ."

"ಯಾರೋ ಬಸ್ ಪಾಸ್ ಮಾಡಿಸ್ಕೊಟ್ಟಿರ್ಬೇಕು," ಎಂದ ಅವಳ ಸಹಾಯಕ, ಕಂಪ್ಯೂಟರಿನಿಂದ ತಲೆ ಎತ್ತದೆ. ಏನು ಕೊಟ್ಟರೂ ಗ್ರಾಫ್ ಮಾಡುತ್ತಿದ್ದ ಅವನಿಗೆ ಗ್ರಾಫಪ್ಪ ಎಂದೇ ಹೆಸರು.

"ಹಲ್ಲು ಕಿರೀಬೇಡ. ಅವು ಇಲ್ಲಿಗೆ ಓಡಿ ಬರ್ತಿವೆ ಅಂದ್ರೆ ಅಲ್ಲಿ ಏನೋ ಓಡಿಸ್ತಿದೆ."

ಅಲ್ಲಿ ಇದ್ದದ್ದು ಉಪ್ಪಿನ ಗದ್ದೆಗಳು. ಅಲ್ಲಿಂದ ಕಟುವಾದ ಉಪ್ಪುನೀರನ್ನು ಜೌಗಿಗೆ ಬಿಡುತ್ತಿದ್ದಾರೆ, ಏಡಿಗಳು ಹೆದರಿ ಇತ್ತ ಬರುತ್ತಿವೆ ಎಂಬುದು ಅವಳ ಲೆಕ್ಕ. ಬೇರೆ ಯಾವ ಕಾರಣವೂ ಉಳಿದಿರಲಿಲ್ಲ. ಎಪ್ಪತ್ತು ಬಾರಿ ನೀರು ಪರೀಕ್ಷಿಸಿದ್ದಳು. ಎಪ್ಪತ್ತು ಬಾರಿಯೂ ಎಂದಿನಷ್ಟೇ ಉಪ್ಪು.

"ನಾವು ನೋಡದಿದ್ದಾಗ ಬಿಡ್ತಾರೆ," ಎಂದು ಅವಳೇ ತೀರ್ಮಾನಿಸಿದ್ದಳು.

ಗದ್ದೆಯ ಮಾಲೀಕ ನಿನ್ನೆ ಬಾಗಿಲ ತನಕ ಬಂದಿದ್ದ. ಚಪ್ಪಲಿ ಬಿಟ್ಟು ಹೊರಗೇ ನಿಂತಿದ್ದ.

"ತೂಬು ಮುಚ್ಚಿ ಮೂರು ವರ್ಷ ಆಯ್ತು ತಾಯಿ. ಬಂದು ಕೈ ಹಾಕಿ ನೋಡಿ. ನಲವತ್ತು ಜನ ನನ್ನ ಹತ್ರ ದುಡೀತಾರೆ."

"ಮತ್ತೆ ಏಡಿಗಳಿಗೆ ದಾರಿ ತೋರಿಸಿದವ್ರು ಯಾರು?"

"ಅದನ್ನ ಏಡೀನೇ ಕೇಳ್ಬೇಕು."

ಅವಳು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದ್ದಳು.

ಸರಕಾರಕ್ಕೆ ವರದಿ ಕಳಿಸಲು ಇವತ್ತೇ ಕೊನೆಯ ದಿನ. ಕಾರಣ ಏನೆಂದು ಬರೆಯದಿದ್ದರೆ ಈ ಪ್ರಯೋಗಾಲಯಕ್ಕೆ ಬೀಗ. ಬರೆದರೆ ಸೋಮವಾರ ಉಪ್ಪಿನ ಗದ್ದೆಗಳಿಗೆ ಬೀಗ. ಅವಳು ಬರೆದು ಮುಗಿಸಿದ್ದಳು. ಕಳಿಸುವುದೊಂದು ಬಾಕಿ.

ಬಾಗಿಲು ಕಿರುಗುಟ್ಟಿತು. ದೋಣಿಯಣ್ಣ ಖಾಲಿ ಬಕೆಟ್ ತೊಳೆದು ಮೊಳೆಗೆ ಬೋರಲು ನೇತುಹಾಕಿದ. ಅವಳ ಚಹಾ ಇನ್ನೂ ಹಬೆಯಾಡುತ್ತಿತ್ತು.

"ಬಿಟ್ರಾ?"

"ಬಿಟ್ಟೆ. ಒಂದೂ ಸತ್ತಿಲ್ಲ."

"ನಿಮ್ಮ ಸೊಸೆ ಉಪ್ಪಿನ ಗದ್ದೇಲೇ ಇರೋದು ಅಲ್ವಾ ಅಣ್ಣಾ?"

"ಹೂಂ. ಮಗ ಹೋದ ಮೇಲೆ ಅವಳಿಂದಾನೇ ನಮ್ಮನೆ ಒಲೆ ಉರಿಯೋದು."

"ಬೇರೆ ಕೆಲ್ಸ ನೋಡ್ಕೊಳ್ಳೋಕೆ ಹೇಳಿ."

ಅವನು ಯಾಕೆಂದು ಕೇಳಲಿಲ್ಲ. ಓದಿದವರು ಹೇಳಿದರೆ ಏನೋ ಇರುತ್ತದೆ ಎಂಬಂತೆ ತಲೆಯಾಡಿಸಿದ. ಡಾಕ್ಟರಮ್ಮ ಗುಂಡಿ ಒತ್ತಿದಳು. ವರದಿ ಹೋಯಿತು. ಮೈ ಹಗುರಾಗಬೇಕಿತ್ತು, ಆಗಲಿಲ್ಲ.

ದೋಣಿಯಣ್ಣ ಬಾಗಿಲಲ್ಲೇ ನಿಂತಿದ್ದ. ಬಾಯಿಬಿಟ್ಟು ಏನನ್ನೂ ಕೇಳಿದವನಲ್ಲ. ಟೋಪಿಯನ್ನು ಎರಡು ಸಲ ಮಡಚಿದ, ಎರಡು ಸಲ ಬಿಡಿಸಿದ.

"ಏನಣ್ಣಾ, ಹೇಳಿ."

"ಏನಿಲ್ಲ. ಈ ಕಾಲು ಕೆಟ್ಟಾಗಿಂದ ಕೆಸರಲ್ಲಿ ದೂರ ಹೋಗೋಕಾಗ್ತಿಲ್ಲ ನಂಗೆ. ಎಲ್ಲಾ ಬಕೆಟ್ಟೂ ಮೆಟ್ಟಿಲ ಕೆಳಗೇ ಸುರೀತಾ ಬಂದೆ. ಈಗ ನೋಡಿದ್ರೆ ಅಲ್ಲಿ ಹುಲ್ಲೇ ಇಲ್ಲ. ಪಾಪ, ಏನು ತಿಂತಾವೆ. ಐದನೇ ಚೌಕದ ತನಕ ನಡೆಯೋಕೆ ನಾಲ್ಕು ಹಲಗೆ ಹಾಕಿಸ್ಕೊಡ್ತೀರಾ?"

ಗ್ರಾಫಪ್ಪನ ಬೆರಳುಗಳು ನಿಂತವು.

"ಹಳೇ ಹಲಗೆ ಆದ್ರೂ ಸಾಕು, ಡಾಕ್ಟರಮ್ಮ."