ಬಿಳಿ ಬಾಲದ ಹಕ್ಕಿ

ಬೇವಿನ ಹೂವಿನ ವಾಸನೆ ಬಂದರೆ ಈಗಲೂ ನರೋಣಾದ ಗುಡ್ಡದ ಆ ಮಧ್ಯಾಹ್ನ ನೆನಪಾಗುತ್ತದೆ. ಚೈತ್ರ ಬಂತೆಂದರೆ ಅಪ್ಪನಿಗೆ ಹಕ್ಕಿ ನೋಡುವ ಹುಚ್ಚು. ರಿಬ್ಬನ್ನಿನಂಥ ಬಿಳಿ ಬಾಲದ ಹಕ್ಕಿಯೊಂದು ಬಂದಿದೆಯೆಂದು ಯಾರೋ ಹೇಳಿದ್ದೇ ತಡ, ಎಂಟು ವರ್ಷದ ನನ್ನನ್ನೂ ಎಳೆದುಕೊಂಡು ಹೋಗಿ ಪೊದೆಯ ಹಿಂದೆ ಕೂರಿಸಿದ. ಮೂರು ತಾಸಾದರೂ ಹಕ್ಕಿಯ ಸುಳಿವಿಲ್ಲ. ಕಾದ ಕಲ್ಲು ಲಂಗದೊಳಗೂ ಸುಡುತ್ತಿತ್ತು.

"ಯಪ್ಪಾ, ಸಾಕಾಗೇದ. ಮನಿಗಿ ನಡಿ."

"ಸುಮ್ ಕೂಡು ಯವ್ವಾ, ಮಾತಾಡಿದ್ರ ಹಾರಿ ಹೋಗ್ತದ."

ಅಪ್ಪ ಬೆವರು ಹತ್ತಿದ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದ. ಆಗಲೇ ಆ ಬಿಳಿ ಬಾಲದ ಹಕ್ಕಿ ಬಂದು ಎದುರಿನ ಬೇವಿನ ಟೊಂಗೆಯ ಮೇಲೆ ಕೂತಿತು. ಸಿಟ್ಟಿಗೆ ನಾನು ತುಟಿ ಬಿಗಿದುಕೊಂಡೆ. ಅದು ಹಾರಿಹೋಯಿತು.

ಅಪ್ಪ ಕನ್ನಡಕ ಏರಿಸಿದ. "ಏನರೆ ಕಂಡದೇನು?"

"ಏನಿಲ್ಲ."

ಮರುದಿನದಿಂದ ಅವನೊಬ್ಬನೇ ಗುಡ್ಡ ಹತ್ತಿದ. ಆ ಬೇಸಿಗೆಯೆಲ್ಲ ಹತ್ತಿದ. ಅದು ಅವನಿಗೆ ಕಾಣಲೇ ಇಲ್ಲ.