ನಡುವಿನ ಕೋಣೆ

ಫಕ್ಕೀರವ್ವ ಕಣ್ಣು ತೆರೆದ ಕೂಡಲೇ ತಾಯಿ, ಎಲ್ಲ ಮನೆಗಳಲ್ಲೂ ಬೆಳಿಗ್ಗೆ ಕೇಳುವಂತೆ, "ಯಾರ ಎದ್ದೀರಿ?" ಎಂದಳು.

"ನಾನವ್ವಾ."

"ಹಂಗಾರ ಚಾಕ್ಕ ಸಕ್ಕರಿ ಹಾಕ್ತೀನಿ. ನಿನ್ನೆ ನಮ್ಮತ್ತಿ ಎದ್ದು, ಸಕ್ಕರಿ ಜಾಸ್ತಿ ಆತಂತ ಬೈದಿದ್ದೇ ಬೈದಿದ್ದು."

ಹಾಗಾದರೆ ಆಯಿ, ಅಪ್ಪನ ತಾಯಿ, ಕೊನೆಗೂ ಬಂದಿದ್ದಾಳೆ! ಹುಟ್ಟುಗುರುಡಿಯಾದ ಆಯಿಯ ದೇಹ ತೀರಿಹೋಗುವ ಮೊದಲು ಫಕ್ಕೀರವ್ವ, ಎಲ್ಲ ಮನೆಗಳಲ್ಲೂ ಮಾಡುವಂತೆ, ತನ್ನ ತಲೆಯೊಳಗೆ ಗೋಡೆ ಎಬ್ಬಿಸಿಕೊಂಡು ಅರ್ಧ ಜಾಗವನ್ನು ಅವಳ ಜೀವಕ್ಕೆ ಬಿಟ್ಟುಕೊಟ್ಟಿದ್ದಳು. ಒಬ್ಬರು ಎದ್ದ ದಿನ ಇನ್ನೊಬ್ಬರು ಮಲಗಿರಬೇಕು. ಇಬ್ಬರೂ ಎಂದೂ ಭೇಟಿಯಾಗುವಂತಿಲ್ಲ. ಸುಟ್ಟ ಕಲೆಯ ತನ್ನ ಈ ಮುಖ ಆಯಿಗೆ ಬೇಡವಾದರೆ? ಅದೊಂದೇ ಫಕ್ಕೀರವ್ವನ ಅಂಜಿಕೆ.

"ಏನ್ ಮಾಡಿದ್ಲು ಆಯಿ?"

"ಗ್ವಾಡಿ ಕಡೆ ತಿರುವಿಟ್ಟಿದ್ಯಲ್ಲ ನಿನ್ ಕನ್ನಡಿ, ಅದನ್ನ ಇಳಿಸ್ಕೊಂಡು ಕುಂತಬಿಟ್ರು. ಊಟಕ್ಕೂ ಏಳ್ಲಿಲ್ಲ."

ಫಕ್ಕೀರವ್ವ ಕಣ್ಣು ಮುಚ್ಚಿ, ತಲೆಯೊಳಗಿನ ಗೋಡೆಯ ನಡುವೆ, ಒಬ್ಬರಿಗೊಬ್ಬರು ನೆನಪು ಬಿಟ್ಟುಹೋಗಲೆಂದೇ ಇರುವ, ಇಬ್ಬರಿಗೂ ಸೇರಿದ ಸಣ್ಣ ಕೋಣೆಗೆ ಹೋದಳು. ಆಯಿ ಅಲ್ಲಿ ಒಂದೇ ಒಂದು ನೆನಪನ್ನು ಇಟ್ಟು ಹೋಗಿದ್ದಳು. ಕನ್ನಡಿಯೊಳಗಿನ ಅದೇ ಮುಖ, ಅದೇ ಕಲೆ. ಆದರೆ ಲೋಕವನ್ನು ಮೊದಲ ಸಲ ಕಂಡವಳ ಬೆರಗು ಆ ನೋಟದಲ್ಲಿ ಹಾಗೆಯೇ ಉಳಿದಿತ್ತು.

ಅವಳು ಎದ್ದು ಕನ್ನಡಿಯ ಮುಂದೆ ಕುಳಿತಳು. ಚಹಾ ಆರಿತು.

ತಾಯಿ ಇಣುಕಿ ನೋಡಿ, ತಟ್ಟನೆ ಸೆರಗು ಸರಿಮಾಡಿಕೊಂಡಳು. "ಖರೇ ಹೇಳ್ರಿ, ಯಾರ ಎದ್ದೀರಿ?"