ಸುಗುಣಕ್ಕನ ಕೆಟ್ಟ ಇಡ್ಲಿ

ಒಂಬತ್ತನೆಯ ದೋಸೆಯೂ ಕಾವಲಿ ಮೇಲೆಯೇ ಹರಿದು ಚೂರಾಯಿತು. ಪ್ರವೀಣನಿಗೆ ಅಳುವೇ ಬಂತು. ಅಡ್ಯಾರು ಶಾಖೆಯ ಗಿರಾಕಿಗಳೆಲ್ಲ ಸಿರಿಧಾನ್ಯ ಕೇಳುತ್ತಾರೆ, ನವಣೆಯ ನೀರುದೋಸೆ ಮಾಡಿ ತೋರಿಸುತ್ತೇನೆ ಎಂದು ಜಂಬ ಕೊಚ್ಚಿದವನು ಅವನೇ. ಹತ್ತು ಗಂಟೆಗೆ ಹೋಟೆಲಿನ ಧಣಿ ಸುಬ್ರಾಯರು ರುಚಿ ನೋಡಲು ಬರುತ್ತಾರೆ. ದೋಸೆ ಇಡಿಯಾಗಿ ಏಳದಿದ್ದರೆ ನವಣೆ ಮೂಟೆ ವಾಪಸು, ಪ್ರವೀಣ ಪುನಃ ಚಟ್ನಿ ರುಬ್ಬಲಿಕ್ಕೆ. ಉಳಿದದ್ದು ಬರೀ ಮುಕ್ಕಾಲು ಗಂಟೆ.

"ಗ್ರೂಪಿನಲ್ಲಿ ಹುಡುಕಿದ್ರಾ ಪ್ರವೀಣಣ್ಣ?" ಎಂದಳು ಧಣಿಯ ಮಗಳು ಅನ್ವಿತಾ.

ಆ ವಾಟ್ಸಾಪ್ ಗ್ರೂಪು ಅವಳದೇ ಕಿತಾಪತಿ. ಹೋಟೆಲಿನ ಮೂರು ಶಾಖೆಗಳಲ್ಲಿ ಎಲ್ಲಿ ಏನು ಕೆಟ್ಟರೂ, ಬಿಸಾಡುವ ಮೊದಲು ಯಾಕೆ ಕೆಟ್ಟಿತೆಂದು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಿ ಕಳಿಸಬೇಕು. ನಮ್ಮ ಮಾನ ನಾವೇ ಹರಾಜು ಹಾಕಬೇಕಾ ಎಂದು ಪ್ರವೀಣ ಇವತ್ತಿನವರೆಗೆ ಒಂದನ್ನೂ ಕೇಳಿರಲಿಲ್ಲ. ಈಗ ಗತಿಯಿಲ್ಲದೆ ಒಂದೊಂದೇ ಒತ್ತಿದ. ಪಲ್ಲಾವರಂನಲ್ಲಿ ತಳ ಹಿಡಿದ ಹಾಲು, ಹುಳಿಯಾದ ಸಾಂಬಾರು... ಏಳನೆಯದು ಅಣ್ಣಾ ನಗರ ಶಾಖೆಯಲ್ಲಿ ಅಡುಗೆ ಮಾಡುವ ಸುಗುಣಕ್ಕನ ದನಿ.

"ಇಡ್ಲಿ ಹಾಳಾಯ್ತು ಮಾರಾಯ್ರೆ. ಮೆತ್ತಗಾಗ್ಲಿ ಅಂತ ಹಿಟ್ಟಿಗೆ ಅನ್ನ ಹಾಕಿ ರುಬ್ಬಿದೆ, ಜಾಸ್ತಿ ಆಯ್ತು. ಎಂತ ಅಂಟು ಅಂತೀರಿ! ಎಳೆದ್ರೂ ತುಂಡಾಗೂದಿಲ್ಲ."

"ಎಳೆದ್ರೂ ತುಂಡಾಗೂದಿಲ್ವಾ!" ಪ್ರವೀಣ ಧಡಕ್ಕನೆ ಎದ್ದ. ಅಂಟೇ ಇಲ್ಲದ ನವಣೆಗೆ ಬೇಕಾದದ್ದು ಅದೇ ಅಲ್ಲವೇ? ನವಣೆ ಹಿಟ್ಟಿಗೆ ಒಂದು ಹಿಡಿ ಅನ್ನ ಸೇರಿಸಿ ರುಬ್ಬಿದ, ನೀರು ಬೆರೆಸಿದ, ಕಾವಲಿಗೆ ಹೊಯ್ದು ಮುಚ್ಚಿದ. ಮುಚ್ಚಳ ತೆಗೆದು ಅಂಚು ಹಿಡಿದರೆ, ಅರೆ, ಇಡೀ ದೋಸೆ ಕೈಗೇ ಬಂತು!

"ಎದ್ದಿತು ಮಾರಾಯ್ತಿ, ಎದ್ದಿತು!" ಎದುರಿಗಿರುವುದು ಧಣಿಯ ಮಗಳೆಂಬುದನ್ನೂ ಮರೆತು ಕುಣಿದೇ ಬಿಟ್ಟ. ಅನ್ವಿತಾ ಬಿದ್ದು ಬಿದ್ದು ನಕ್ಕಳು.

ಸುಬ್ರಾಯರು ಬಂದವರು ಎರಡು ತಿಂದು ಮೂರನೆಯದಕ್ಕೆ ತಟ್ಟೆ ಚಾಚಿದರು. "ಹೋಯ್, ಇದನ್ನು ಯಾರು ಹೇಳಿಕೊಟ್ಟದ್ದು ನಿಂಗೆ?"

ನಾನೇ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಪ್ರವೀಣ ಫೋನು ತೆಗೆದು ಸುಗುಣಕ್ಕನ ಮಾತು ಕೇಳಿಸಿದ. ಸುಬ್ರಾಯರ ಮುಖ ಸಣ್ಣಗಾಯಿತು. ಅದೇ ಇಡ್ಲಿಗೆ ಅವರು ಅವಳನ್ನು ಇಡೀ ಅಡುಗೆಮನೆಯ ಎದುರು ಹಿಗ್ಗಾಮುಗ್ಗಾ ಬೈದಿದ್ದರು. ತಿನ್ನುವುದು ಬಿಟ್ಟು ಅವಳಿಗೆ ಫೋನು ಹಚ್ಚಿದರು.

"ದೇವರಾಣೆ ಧಣಿ," ಆ ಕಡೆಯಿಂದ ಸುಗುಣಕ್ಕ ಹೆದರಿಕೊಂಡೇ ಶುರು ಮಾಡಿದಳು. "ಅವತ್ತಿನಿಂದ ಏನೂ ಹಾಳು ಮಾಡ್ಲಿಲ್ಲ. ಎಲ್ಲ ಮೊದಲಿನ ಹಾಗೇ ಮಾಡ್ತಾ ಇದ್ದೇನೆ."

"ಅಯ್ಯೋ," ಸುಬ್ರಾಯರು ಹಣೆ ಚಚ್ಚಿಕೊಂಡರು, "ನಾಳೆಯಿಂದ ಸ್ವಲ್ಪ ಹಾಳು ಮಾಡು ಮಾರಾಯ್ತಿ!"